ಬಿಸ್ಕತ್ತು ಮುಳುಗಿದ ಪ್ರಕರಣ

"ನನ್ನ ನಾಲಿಗೆಗೆ ಮೋಸ ಮಾಡೋ ಗಂಡಸು ಇನ್ನೂ ಹುಟ್ಟಿಲ್ಲ. ಹೆಂಗಸಂತೂ ಹುಟ್ಟೋದೇ ಇಲ್ಲ!" ಎಂದು ಭೂತಗನ್ನಡಿ ಸಾಹೇಬರು ತೆರೆದ ಫ್ರಿಜ್ಜಿನ ಮುಂದೆ ನಿಂತು ಘೋಷಿಸಿದರು. ಫ್ರಿಜ್ಜು ಎದುರಾಡಲಿಲ್ಲ. ಎದುರಾಡುವವರು ಪಕ್ಕದಲ್ಲೇ ಇದ್ದರು.

"ಮೊದಲು ಬಾಗಿಲು ಹಾಕಿ. ತಣ್ಣಗಿರೋದೆಲ್ಲ ಬಿಸಿಯಾಗ್ತಿದೆ," ಎಂದರು ಅವರ ಹೆಂಡತಿ.

ಭೂತಗನ್ನಡಿ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ವಿಮೆ ಕಂಪನಿಯಲ್ಲಿ ಅವರದು ಸುಳ್ಳು ಕ್ಲೇಮು ಹಿಡಿಯುವ ಕೆಲಸ. ಅಂಗಡಿ ಸುಟ್ಟುಹೋಯಿತೆಂದು ಅಳುತ್ತ ಬಂದವನ ಕಣ್ಣೀರು ಎಷ್ಟು ಉಪ್ಪಾಗಿದೆ ಎಂದು ಯೋಚಿಸುವ ಜಾತಿ. ಇಂಥವರು ಸಂಜೆ ಮನೆಗೆ ಬಂದಾಗ ಸಂಶಯವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತಾರೆಯೇ? ಅದೂ ಅವರ ಹಿಂದೆಯೇ ಒಳಗೆ ಬರುತ್ತಿತ್ತು, ಕಾಲು ಕೂಡ ಒರೆಸಿಕೊಳ್ಳದೆ.

ಹೆಂಡತಿ ದಂತವೈದ್ಯೆ. ದಿನವಿಡೀ ಊರಿನವರಿಗೆಲ್ಲ "ಬಾಯಿ ತೆಗೀರಿ, ಇನ್ನೂ ಸ್ವಲ್ಪ ತೆಗೀರಿ" ಎಂದು ಹೇಳಿ ಬಂದು, ಮನೆಯಲ್ಲಿ ಗಂಡನಿಗೆ ಅದರ ಉಲ್ಟಾ ಹೇಳುವುದು ಅವರ ದಿನಚರಿ. ಇಬ್ಬರೂ ದಣಿದು ಬಂದ ಮೇಲೆ ಊಟದ ಮೇಜಿನ ಬಳಿ ಪಕ್ಕಪಕ್ಕ ಕೂತು, ಬಿಸಿ ಹಾಲಿಗೆ ಬಿಸ್ಕತ್ತು ಅದ್ದಿ ತಿನ್ನುವ ಹೊತ್ತೊಂದಿತ್ತು. ಸಾಹೇಬರು ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಮಧ್ಯಾಹ್ನದ ಊಟ ಮುಗಿದದ್ದೇ ತಡ, ಆ ಹೊತ್ತಿಗಾಗಿ ಅವರ ಜೀವ ಕಾಯುತ್ತಿತ್ತು.

ಇಂಥ ಸಂಸಾರದೊಳಗೆ ಓಟ್ಸ್ ಹಾಲು ಬಂತು.

ಹೆಂಡತಿಗೆ ಹಾಲು ಕುಡಿದರೆ ಹೊಟ್ಟೆ ಕೆಡಲು ಶುರುವಾಗಿತ್ತು. ಸೋಯಾ ತಂದು ನೋಡಿದರು. ಹಸಿ ಕಾಳಿನ ವಾಸನೆ. ಬಾದಾಮಿಯದು ತಂದರು, ಬಾದಾಮಿ ಕಾಲು ತೊಳೆದುಕೊಂಡು ಹೋದ ನೀರಿನಂತಿತ್ತು. ಕೊನೆಗೆ ಓಟ್ಸಿನದು ಹಿಡಿಸಿತು. ಅದರ ಡಬ್ಬ ಫ್ರಿಜ್ಜಿನಲ್ಲಿ ಹಾಲಿನ ಬಾಟಲಿಯ ಪಕ್ಕದಲ್ಲೇ ಬಂದು ಕೂತಿತು.

"ಓಟ್ಸಿಗೆ ಕೆಚ್ಚಲು ಎಲ್ಲಿದೆ?" ಎಂದು ಸಾಹೇಬರು ಕೇಳಿದರು. "ಹಿಂಡಿದ್ದನ್ನೆಲ್ಲ ಹಾಲು ಅನ್ನೋದಾದ್ರೆ ನೆಲ ಒರೆಸೋ ಬಟ್ಟೇನೂ ಹಾಲು ಕೊಡತ್ತೆ!"

"ನಿಮ್ಮನ್ನ ಯಾರು ಕುಡೀರಿ ಅಂದ್ರು? ನಿಮ್ಮ ಬಾಟಲಿ ನಿಮಗೆ, ನನ್ನ ಡಬ್ಬ ನನಗೆ."

ಒಪ್ಪಂದ ಸಲೀಸಾಗಿಯೇ ನಡೆದಿತ್ತು. ಆದರೆ ಒಂದು ಸಂಜೆ ಸಾಹೇಬರು ಪೇಪರು ಓದುತ್ತ ಬಿಸ್ಕತ್ತು ಅದ್ದಿದರು. ಎತ್ತಿ ನೋಡಿದರೆ ಕೈಯಲ್ಲಿ ಉಳಿದದ್ದು ಬರೀ ಅಂಚು! ಮಿಕ್ಕ ದೇಹ ಲೋಟದ ತಳದಲ್ಲಿ ಜಲಸಮಾಧಿಯಾಗಿತ್ತು. ಬಿಸ್ಕತ್ತು ಅದ್ದುವುದರಲ್ಲಿ ಅವರು ಪಳಗಿದ ಕೈ; ಇಂಥ ಅವಮಾನ ಅವರಿಗೆ ಎಂದೂ ಆಗಿರಲಿಲ್ಲ. ಲೋಟವನ್ನು ಬೆಳಕಿಗೆ ಹಿಡಿದರು. ಕೆನೆಯೂ ಕಾಣಲಿಲ್ಲ.

"ಈ ಹಾಲು ಹಾಲಲ್ಲ," ಎಂದರು, ತೀರ್ಪಿನ ದನಿಯಲ್ಲಿ.

"ಪೇಪರು ಓದ್ತಾ ಅಷ್ಟು ಹೊತ್ತು ಮುಳುಗಿಸಿಟ್ರೆ ಕಲ್ಲೂ ಕರಗತ್ತೆ ಕಣ್ರೀ."

"ಡಬ್ಬದ್ದು ಬಗ್ಗಿಸಿದ್ದೀಯ. ನನ್ನನ್ನೂ ನಿನ್ನ ದಾರಿಗೆ ತರೋಣ ಅಂತ."

ಹೆಂಡತಿ ಕೈಲಿದ್ದ ಬಿಸ್ಕತ್ತನ್ನು ಕೆಳಗಿಟ್ಟರು. "ಅಷ್ಟು ಅನುಮಾನ ಇದ್ರೆ ನಾಳೆಯಿಂದ ನಿಮ್ಮ ಹಾಲು ನೀವೇ ಕಾಯಿಸ್ಕೊಳ್ಳಿ. ಒಬ್ಬರೇ ಕೂತು ಕುಡೀರಿ. ನನಗೆ ನಾಡಿದ್ದು ಭಾಷಣ ಇದೆ, ಇದಕ್ಕೆಲ್ಲ ಪುರುಸೊತ್ತಿಲ್ಲ."

ಭಾಷಣ ಸಣ್ಣದಲ್ಲ. ದೊಡ್ಡ ಸಭಾಂಗಣದಲ್ಲಿ ನೂರಾರು ದಂತವೈದ್ಯರ ಮುಂದೆ, ಜನ ನಿದ್ದೆಯಲ್ಲಿ ಹಲ್ಲು ಕಡಿಯುವುದರ ಬಗ್ಗೆ. ಅಂಥ ಅವಕಾಶ ಅವರಿಗೆ ಇದೇ ಮೊದಲು. ವಾರಗಟ್ಟಲೆಯಿಂದ ಕನ್ನಡಿಯ ಮುಂದೆ ಅಭ್ಯಾಸ ನಡೆದಿತ್ತು.

ಇದನ್ನೆಲ್ಲ ಸೋಫಾದ ಮೇಲೆ ಕೂತು ಕೇಳುತ್ತಿದ್ದವರು ಸಾಹೇಬರ ಅತ್ತೆ. ಮಗಳ ಮನೆಯಲ್ಲೇ ಇದ್ದ ಆಕೆಗೆ ಟಿವಿಯ ಧಾರಾವಾಹಿಗಳು ಬೇಜಾರಾಗಿ ಬಹಳ ದಿನವಾಗಿತ್ತು. ಅಳಿಯನಿದ್ದ ಮೇಲೆ ಅವೆಲ್ಲ ಯಾಕೆ? "ನನಗೂ ಯಾಕೋ ಡೌಟು, ಅಳಿಯಂದಿರೇ," ಎಂದು ಉರಿಯೋ ಬೆಂಕಿಗೆ ಒಂದು ಸೌದೆ ಒಟ್ಟಿ ಸುಮ್ಮನಾದರು.

ಅಷ್ಟು ಸಾಕಾಯಿತು. ಮರುದಿನ ಹೆಂಡತಿ ಕ್ಲಿನಿಕ್ಕಿಗೆ ಹೊರಟದ್ದೇ ತಡ, ಸಾಹೇಬರು ಅಡುಗೆಮನೆಗೆ ನುಗ್ಗಿದರು. ಬಾಟಲಿಯ ಹಾಲನ್ನು ಡಬ್ಬಕ್ಕೆ, ಡಬ್ಬದ ಓಟ್ಸ್ ಹಾಲನ್ನು ಬಾಟಲಿಗೆ, ನಡುವೆ ಒಂದು ಪಾತ್ರೆ ಇಟ್ಟುಕೊಂಡು ಅದಲು ಬದಲು ಮಾಡಿದರು. ಅವರ ತರ್ಕ ಹೀಗಿತ್ತು: ಹೆಂಡತಿ ಪ್ರಾಮಾಣಿಕಳಾದರೆ ಬಾಟಲಿಯದೇ ಕೊಡುತ್ತಾಳೆ, ಆಗ ಬಾಯಿಗೆ ಓಟ್ಸ್ ಬರುತ್ತದೆ. ಕಳ್ಳಿಯಾದರೆ ಡಬ್ಬದ್ದು ಕೊಡುತ್ತಾಳೆ, ಆಗ ಅಪ್ಪಟ ಹಾಲು ಬರುತ್ತದೆ. ಹೇಗೆ ಬಂದರೂ ಮಿಕ್ಕ ಕೆಲಸ ನಾಲಿಗೆಯದು! ಆಹಾ, ಎಂಥ ಬಲೆ! ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳಲು ಕೈ ಎಟುಕಲಿಲ್ಲ ಎನ್ನುವುದೊಂದೇ ಅವರ ಕೊರಗು.

ಸಂಜೆ ಅವರು ಅಡುಗೆಮನೆಗೆ ಬೆನ್ನು ಹಾಕಿ ಕೂತರು. ತನಿಖೆ ಎಂದರೆ ನಿಷ್ಪಕ್ಷಪಾತವಾಗಿರಬೇಕಲ್ಲ! ಹೆಂಡತಿ ಎರಡು ಲೋಟ ತಂದು ಮೇಜಿನ ಮೇಲಿಟ್ಟರು. ನಿನ್ನೆಯ ಸಿಟ್ಟನ್ನು ನುಂಗಿಕೊಂಡು ಪಕ್ಕದಲ್ಲೇ ಕೂತರು. ಸಾಹೇಬರು ಬಿಸ್ಕತ್ತು ಅದ್ದಿ ಎತ್ತಿದರು. ಬಿಸ್ಕತ್ತು ಮೆತ್ತಗಾಗಿ, ಆದರೂ ಬೀಳದೆ ಬಾಯಿಗೆ ಬಂತು. ಮೇಲೊಂದು ಗುಟುಕು ಹಾಲು. ಕಣ್ಣು ಮುಚ್ಚಿದರು. ಕೆನೆ, ಹದವಾದ ಸಿಹಿ, ಚಿಕ್ಕಂದಿನ ನೆನಪು, ಎಲ್ಲ ಒಟ್ಟಿಗೆ ಬಂದವು.

"ಆಹಾ! ಇದು ಹಾಲು! ಅಪ್ಪಟ ಹಸುವಿನ ಹಾಲು!" ಎಂದು ಕೂಗಿ, ಮೇಜು ಗುದ್ದಿ ಎದ್ದು ನಿಂತರು. "ಸಿಕ್ಕಿಬಿದ್ದೆ! ಕಳ್ಳಿ!"

ಹೆಂಡತಿ ಲೋಟದಿಂದ ಬಾಯಿ ತೆಗೆದರು. "ಒಳ್ಳೇ ಹಾಲು ಕೊಟ್ಟಿದ್ದಕ್ಕೆ ನಾನು ಕಳ್ಳಿನಾ?"

"ಅದೇ ಸಾಕ್ಷಿ! ಒಳ್ಳೇ ಹಾಲು ಇರೋದು ಡಬ್ಬದಲ್ಲಿ! ಬೆಳಿಗ್ಗೆ ನಾನೇ ಅದಲು ಬದಲು ಮಾಡಿದ್ದೆ!"

ಅತ್ತೆ ಸೋಫಾದಿಂದ ನಿಧಾನಕ್ಕೆ ಹೇಳಿದರು, "ನಾನು ಕಣ್ಣಾರೆ ನೋಡ್ದೆ ಅಳಿಯಂದಿರೇ. ನಿಮಗೆ ಬಾಟಲಿಯಿಂದಾನೇ ಬಗ್ಗಿಸಿದ್ಲು. ಅವಳಿಗೆ ಡಬ್ಬದಿಂದ."

ಸಾಹೇಬರ ಮುಖದ ಮೇಲಿನ ಗೆಲುವು ಅಲ್ಲೇ ನಿಂತಿತು, ಇಳಿಯಲು ದಾರಿ ಕಾಣದೆ. ಬಾಟಲಿಯಲ್ಲಿ ಓಟ್ಸ್. ಅಂದರೆ ತಾನು ಆಹಾ ಎಂದದ್ದು ಓಟ್ಸಿಗೆ. ಹೋಗಲಿ, ಮಾನ ತಾನೇ! ಆದರೆ ಡಬ್ಬದಲ್ಲಿ ಹಾಲು. ಅಂದರೆ ಹೆಂಡತಿ ಇಷ್ಟು ಹೊತ್ತು ಕುಡಿದದ್ದು...

"ಇಳಿಸು ಕೆಳಗೆ!" ಎಂದು ಹೆಂಡತಿಯ ಲೋಟಕ್ಕೆ ಕೈ ಹಾಕಿ ಕಿತ್ತುಕೊಂಡರು. ಅರ್ಧ ಖಾಲಿಯಾಗಿತ್ತು. ಖಚಿತಪಡಿಸಿಕೊಳ್ಳಲು ಒಂದು ಗುಟುಕು ಕುಡಿದು ನೋಡಿದರು. "ಅಯ್ಯೋ ದೇವರೇ! ಗಟ್ಟಿ ಹಾಲು! ಸಂದೇಹವೇ ಇಲ್ಲ! ಕೆನೆ ಕೂಡ ಇದೆ!"

ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದರು. "ನಾಳೆ ಬೆಳಿಗ್ಗೆ ನನ್ನ ಭಾಷಣ," ಎಂದಷ್ಟೇ ಹೇಳಿ, ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಾಹೇಬರಿಗೆ ಊರ ಕಳ್ಳರನ್ನೆಲ್ಲ ಹಿಡಿಯುವ ಭರದಲ್ಲಿ ತನ್ನ ಮನೆಯ ಒಳ್ಳೆಯ ಜೀವವೊಂದನ್ನು ಬಲೆಗೆ ಕೆಡವಿದೆನಲ್ಲ ಎಂದು ನಾಚಿಕೆಯಾಯಿತು. ಬಾಗಿಲ ಹೊರಗೆ ನಿಂತು ಬಿಸಿನೀರು ಬೇಕೇ ಎಂದರು, ಮಾತ್ರೆ ಬೇಕೇ ಎಂದರು. ಒಳಗಿನಿಂದ ಸಣ್ಣ ಗೊಣಗಾಟವೊಂದೇ ಉತ್ತರ. ಪಾಪ, ನರಳುತ್ತಿದ್ದಾಳೆ! ಏನಾದರೂ ಮಾಡಬೇಕಲ್ಲ ಎಂದು ಪಾತ್ರೆ ತೊಳೆದರು. ಆಕೆ ನಾಳೆ ಉಡಲಿದ್ದ ಸೀರೆಗೆ ಇಸ್ತ್ರಿ ಹಾಕಿದರು. ಅತ್ತೆ ಕೂತಲ್ಲಿಂದಲೇ "ಆ ಮೂಲೇಲಿ ಒಂದು ಸುಕ್ಕಿದೆ ನೋಡಿ" ಎಂದರು. ಅದನ್ನೂ ತೀಡಿದರು. ಫ್ರಿಜ್ಜು ಒರೆಸಿದರು. ಮತ್ತೆ ಬಂದು ಬಾಗಿಲಿಗೆ ಹಣೆಯೊತ್ತಿ, "ಲೇ, ನಿನ್ನ ಜೊತೆ ಕೂತು ಕುಡಿಯೋದಾದ್ರೆ ಇನ್ಮೇಲೆ ನಾನು ಓಟ್ಸೇ ಕುಡೀತೀನಿ ಕಣೇ. ಬರೀ ನೀರಾದ್ರೂ ಸರಿ," ಎಂದರು.

ಬಾಗಿಲು ತೆರೆಯಿತು. ಹೆಂಡತಿ ಮುಖ ತೊಳೆದು, ತಲೆ ಬಾಚಿ, ಹೂವಿನಂತೆ ನಿಂತಿದ್ದರು.

"ಹೊಟ್ಟೆ?" ಎಂದರು ಸಾಹೇಬರು.

"ಚೆನ್ನಾಗಿದೆ. ಈ ಮನೇಲಿ ಗಲಾಟೆ ಇಲ್ದೆ ಭಾಷಣ ಅಭ್ಯಾಸ ಮಾಡೋಕೆ ಬೇರೆ ಜಾಗ ಎಲ್ಲಿದೆ?"

ಅತ್ತೆ ಈಗ ಗಂಟಲು ಸರಿಮಾಡಿಕೊಂಡರು. "ಬೆಳಿಗ್ಗೆ ನೀವು ಕಳ್ಳನ ಹಾಗೆ ಪಾತ್ರೆ ಹಿಡಿದು ಓಡಾಡೋದು ನೋಡಿ ನನಗೆ ಡೌಟು ಬಂತು. ನೀವು ಆಫೀಸಿಗೆ ಹೋದ ಮೇಲೆ ವಾಪಸ್ಸು ಅದಲು ಬದಲು ಮಾಡ್ಬಿಟ್ಟೆ. ಡಬ್ಬ ತೊಳೆದು, ಹೊಸ ಓಟ್ಸ್ ಹಾಲೇ ತುಂಬಿದೆ. ಇವಳು ಬಂದ ಕೂಡ್ಲೇ ಹೇಳಿದ್ದೂ ಆಯ್ತು."

ಸಾಹೇಬರು ಅಲ್ಲಿದ್ದ ಕುರ್ಚಿಯ ಮೇಲೆ ಕುಸಿದರು. ಹೋದ ಜೀವ ಬಂದಂತಾಯಿತು. ಜೀವದ ಹಿಂದೆಯೇ ಜಂಭವೂ ಬಂತು.

"ಅಂದ್ರೆ ನಾನು ಕುಡಿದಿದ್ದು ನಿಜವಾದ ಹಾಲೇ! ಅಪ್ಪಟ ಅಂತ ಹೇಳ್ದೆನೋ ಇಲ್ವೋ? ನಾಲಿಗೆ ಗೆದ್ದೇಬಿಡ್ತು!"

"ಗೆಲ್ತು," ಎಂದರು ಹೆಂಡತಿ, ತಣ್ಣಗೆ. "ಆಮೇಲೆ ನನ್ನ ಲೋಟದ್ದು ಕುಡಿದು, ಗಟ್ಟಿ ಹಾಲು, ಕೆನೆ ಕೂಡ ಇದೆ ಅಂತ ಕಿರುಚಿದ್ರಲ್ಲ? ಅದು ಓಟ್ಸ್."

ಸಾಹೇಬರು ಬಾಯಿ ತೆರೆದರು. ತೆರೆದ ಬಾಯಿ ಕಂಡರೆ ಬಿಡುವ ಪೈಕಿಯಲ್ಲ ಆಕೆ. ಗದ್ದ ಹಿಡಿದು ದೀಪದ ಕಡೆ ತಿರುಗಿಸಿ, ಬಗ್ಗಿ ಒಳಗೆಲ್ಲ ಚೆನ್ನಾಗಿ ನೋಡಿದರು.

"ಹಲ್ಲು ಸರಿಯಾಗಿದೆ. ನಾಲಿಗೇನೂ ಸರಿಯಾಗಿದೆ, ಪಾಪ, ಅದು ಮೇಲಿಂದ ಬಂದ ಆರ್ಡರ್ ಪ್ರಕಾರ ಹೇಳತ್ತೆ ಅಷ್ಟೆ," ಎಂದು ಗದ್ದ ಬಿಟ್ಟರು. "ತೊಂದರೆ ಇರೋದು ಇನ್ನೂ ಮೇಲೆ. ಅದು ನನ್ನ ವಿಭಾಗ ಅಲ್ಲ."