ಅತ್ತೆಯ ಬಾಯಲ್ಲಿ ಒಂದು ‘ಛಲೋ’

ಕೈಯಲ್ಲಿ ಸೂಜಿ ಹಿಡಿದವಳಿಗೆ ಅವಮಾನಗಳ ಕೊರತೆಯಾಗುವುದಿಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ದಾರ ಪೋಣಿಸಿಕೊಂಡು ಕಾದಿರುತ್ತದೆ. ನನ್ನ ಸೊಸೆಯಂದಿರು ಇವನ್ನೆಲ್ಲ ಕೇಳಿ ನಗುತ್ತಾರೆ. ಆಗ ನಾನು ನಕ್ಕಿರಲಿಲ್ಲ. ಈಗಲೂ ಪೂರ್ತಿ ನಕ್ಕಿಲ್ಲ.

ಹೊಸ ಪೈಸೆ ಬಂದು ನಾಲ್ಕೈದು ವರ್ಷವಾಗಿತ್ತು. ನಾನು ಮದುವೆಯಾಗಿ ಧಾರವಾಡದ ಮಾಳಮಡ್ಡಿಯ ಮನೆಗೆ ಬಂದೆ. ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಬಟ್ಟೆಯನ್ನು ಕೈಗೆ ತೆಗೆದುಕೊಂಡ ಕೂಡಲೇ ತಿರುವಿ ಹಿಂಬದಿ ನೋಡುತ್ತಿದ್ದರು. ಹಿಂದೆ ಒಂದು ಗಂಟು ಕಂಡರೆ ಮುಂದಿನ ಹೂವೆಲ್ಲ ಬಿಚ್ಚಬೇಕು. ಹಾಗೆ ಬಿಚ್ಚಿ ಬಿಚ್ಚಿ ಕಲಿತವಳು ನಾನು. ಕೇಕು, ಬಿಸ್ಕೀಟು ಮಾಡುವುದನ್ನೂ ಅಲ್ಲಿಯೇ ಕಲಿಸಿದ್ದರು.

ಮದುವೆಯಾದ ಆರು ತಿಂಗಳಿಗೆ, ಊರಿನ ಒಂದು ಹುಡುಗಿಯರ ಸಾಲೆಯಲ್ಲಿ ಹೊಲಿಗೆ ಟೀಚರ್ ಬೇಕಾಗಿದ್ದಾರೆಂದು ಗೊತ್ತಾಯಿತು. ಆ ಕೆಲಸ ನನಗೆ ಬೇಕಿತ್ತು. ಅಷ್ಟು ಬೇಕೆನಿಸಿದ್ದು ಆಮೇಲೆ ಮತ್ತೊಂದಿಲ್ಲ. ಮನೆಯವರನ್ನು ಕೇಳಿದರೆ “ಅಪ್ಪನ್ನ ಕೇಳು” ಅಂದರು. ಮಾವನವರು ಪತ್ರಿಕೆಯ ಹಿಂದಿನಿಂದಲೇ ತೀರ್ಪು ಕೊಟ್ಟರು.

“ನನ್ನದೇನೂ ತಕರಾರಿಲ್ಲವ್ವಾ. ನೀ ಮಾಡಿದ್ದನ್ನ ನೋಡಿ ನಿಮ್ಮ ಅತ್ತಿ ಒಮ್ಮಿ ಬಾಯಿಬಿಟ್ಟು ಛಲೋ ಅಂದ್ಳು ಅಂದ್ರ, ಮರುದಿನಾನ ಅರ್ಜಿ ಬರದು ಕೊಡತೇನಿ.”

ಬಹಳ ಸುಲಭದ ಕರಾರು ಎಂದುಕೊಂಡೆ. ಅತ್ತೆಯವರನ್ನು ನಾನಿನ್ನೂ ಅರಿತಿರಲಿಲ್ಲ.

ಉಬ್ಬಿದ ಕೇಕು

ಮನೆಯಲ್ಲಿ ತತ್ತಿಯ ಹೆಸರೆತ್ತುವಂತಿರಲಿಲ್ಲ. ಅದಕ್ಕೆ ನಾನು ಮೊಸರು, ಸೋಡಾ ಹಾಕಿ ಕೇಕು ಕಲಸಿದೆ. ಓವನ್ನಿನ ಬದಲು ಇದ್ದಿಲಿನ ಶೇಗಡಿ. ಅದರ ಮೇಲೆ ಉಸುಕು ತುಂಬಿದ ದೊಡ್ಡ ಬೋಗೋಣಿ, ಅದರೊಳಗೆ ಕೇಕಿನ ಡಬ್ಬಿ, ಮುಚ್ಚಿದ ತಾಟಿನ ಮೇಲೆ ಕೆಂಡ. ಮುಕ್ಕಾಲು ತಾಸಿಗೆ ಕೇಕು ಡಬ್ಬಿಯ ಅಂಚು ಮೀರಿ ಉಬ್ಬಿ ಬಂತು. ಕಾನ್ವೆಂಟಿನ ಓವನ್ನಿನಲ್ಲೂ ನನಗೆ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

ಅತ್ತೆಯವರು ದೂರದಿಂದಲೇ ನೋಡಿದರು. “ಇಷ್ಟ ಉಬ್ಬೈತಿ ಅಂದ್ರ ತತ್ತಿ ಹಾಕೀದಿ.”

“ಇಲ್ರಿ ಅತ್ತಿಯವ್ರ. ಮೊಸರು ಹಾಕೀನ್ರಿ.”

“ಮೊಸರು ನಾನೂ ನಲವತ್ತು ವರ್ಷದಿಂದ ಹಾಕಾಕತ್ತೇನಿ. ಒಂದು ದಿನಾನೂ ಏನೂ ಹಿಂಗ ಉಬ್ಬಿಲ್ಲ.”

ಅವರ ಮಾತಿಗೆ ತಲೆಬಾಗಿ ಮನೆಯಲ್ಲಿ ಯಾರೂ ಕೇಕು ಮುಟ್ಟಲಿಲ್ಲ. ನಮ್ಮವರು ಮಾತ್ರ ಹಿತ್ತಲಿಗೆ ಒಯ್ದು, ಗೋಡೆಯ ಕಡೆ ಮುಖ ಮಾಡಿ ಎರಡು ತುಂಡು ತಿಂದರು. ಅದು ಸಾಕ್ಷಿಗೆ ಬರುವಂಥದ್ದಲ್ಲ.

ಮರುವಾರ ನಾನು ಹಟಕ್ಕೆ ಬಿದ್ದೆ. ಅತ್ತೆಯವರನ್ನೇ ಎದುರಿಗೆ ಮಣೆ ಹಾಕಿ ಕೂರಿಸಿ, ಒಂದೊಂದನ್ನೂ ಅವರ ಕಣ್ಣ ಮುಂದೆಯೇ ಅಳೆದು ಹಾಕಿದೆ. ಅವರೂ ಕರ್ತವ್ಯಕ್ಕೆ ತಪ್ಪಲಿಲ್ಲ. ನಡುವೆ ನಾನು ಕೈಚಳಕ ಮಾಡಿಯೇನೆಂದು ಐದೈದು ನಿಮಿಷಕ್ಕೊಮ್ಮೆ ಕೆಂಡದ ತಾಟು ಎತ್ತಿ ಒಳಗೆ ಇಣುಕಿದರು. ಬೇಡಿರೆಂದರೆ, “ನೋಡಬಾರದಂಥಾದ್ದು ಒಳಗೇನೈತಿ?” ಎಂದರು.

ಅಷ್ಟು ಸಲ ಗಾಳಿ ಹೊಕ್ಕ ಮೇಲೆ ಕೇಕು ಎಲ್ಲಿ ಉಬ್ಬೀತು? ಚಪ್ಪಟೆಯಾಗಿ, ಗಟ್ಟಿಯಾಗಿ, ಸಗಣಿಯ ಕುಳ್ಳಿನ ಹಾಗೆ ತಳಕ್ಕೆ ಅಂಟಿಕೊಂಡಿತು. ಅತ್ತೆಯವರು ಅದನ್ನು ಬೆರಳಿನಿಂದ ಬಡಿದು ನೋಡಿ, ಮೊದಲ ಸಲ ನನ್ನತ್ತ ವಾತ್ಸಲ್ಯದಿಂದ ತಿರುಗಿದರು.

“ಹಾಂ. ಈಗ ಖರೇ ಹೇಳಿದಿ ನೋಡು. ಇದರಾಗ ತತ್ತಿ ಇಲ್ಲ.”

ಹಳೆಯದಾದ ಹೊಸ ಅಂಗಿ

ನಾದಿನಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆಂದು ನಾನು ಬಿಳಿಯ ಮಲ್ಲು ಬಟ್ಟೆಯಲ್ಲಿ ಅಂಗಿ ಹೊಲಿದೆ. ಎದೆಯ ಮೇಲೆ ಕೂದಲೆಳೆಯಷ್ಟು ಸಣ್ಣ ನೆರಿಗೆ ಹಿಡಿದು, ಆ ನೆರಿಗೆಗಳನ್ನು ಜೇನುಗೂಡಿನ ಹಾಗೆ ದಾರದಿಂದ ಕೂಡಿಸುವ ಕೆಲಸ. ಹನ್ನೊಂದು ದಿನ ಹಿಡಿಯಿತು. ಕೂಸು ಹುಟ್ಟಿದ ಮೂರನೆಯ ದಿನ ತಂದು ಅತ್ತೆಯವರ ಮುಂದಿಟ್ಟೆ.

ಅವರು ಮುಟ್ಟಲೇ ಇಲ್ಲ. “ಹಸಗೂಸಿಗೆ ಹೊಸಾ ಅರಿವಿ ಹಾಕತಾರೇನ ಯಾರರ? ತೊಟ್ಟಿಲಕ್ಕ ಹಾಕೂ ತನಕಾ ಹಳೇದನ್ನ ಹಾಕಬೇಕು. ನಿಮ್ಮ ಸಾಲ್ಯಾಗ ಇದನ್ನ ಹೇಳಿಲ್ಲೇನು?”

ಇಲ್ಲ, ಹೇಳಿರಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳಿಗೆ ಕೂಸುಗಳ ವಿಷಯ ಅಷ್ಟಾಗಿ ಬರುತ್ತಿರಲಿಲ್ಲ.

“ತೊಟ್ಟಿಲಕ್ಕ ಹಾಕೋ ದಿನಾ ಹಾಕೂಣ್ರಿ ಹಂಗಾದ್ರ” ಎಂದೆ.

“ಅಂದು ಆಕಿ ಅತ್ತಿ ಮನಿಯಿಂದ ಅಂಗಿ ಬರತೈತಿ. ಇರಲಿ, ಪಾಪ, ಕಷ್ಟಪಟ್ಟು ಮಾಡೀದಿ. ಏನರೆ ಮಾಡೂಣು.”

ಆ ‘ಪಾಪ’ ಕೇಳಿ ನನಗೆ ಆಸೆ ಹುಟ್ಟಿತು. ‘ಛಲೋ’ ಇನ್ನೇನು ಹತ್ತಿರದಲ್ಲೇ ಇದೆ ಎಂದು ಒಳಗೆ ಹೋಗಿ ಅಡುಗೆಗೆ ಕೂತೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಸಪ್ಪಳ ಕೇಳುತ್ತಲೇ ಇತ್ತು. ಇಂದು ಬಹಳ ಅರಿವೆ ಇರಬೇಕೆಂದುಕೊಂಡೆ.

ಸಂಜೆ ಅತ್ತೆಯವರು ಸಂತೃಪ್ತ ಮುಖದಿಂದ ಬಂದು ನನ್ನ ಕೈಯಲ್ಲಿ ಒಂದು ಬಟ್ಟೆ ಇಟ್ಟರು. ಸವಳು ಮಣ್ಣು ಹಾಕಿ ಕುದಿಸಿ, ಕಲ್ಲಿಗೆ ಕುಕ್ಕಿ, ಹಿಂಡಿ, ಒಣಗಿಸಿ, ಮತ್ತೆ ಕುಕ್ಕಿದ್ದರು. ನೆರಿಗೆಗಳೆಲ್ಲ ಬಿಟ್ಟುಹೋಗಿ ದಾರಗಳು ಜೋಲಾಡುತ್ತಿದ್ದವು. ಹನ್ನೊಂದು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿದಿತ್ತು.

“ತಗೋ. ಏಳು ಸಲ ಒಗದೇನಿ. ಹಳೇದಾತು. ಈಗ ಹಾಕು.”

ದುಂಡನೆಯ ಬಿಸ್ಕೀಟು

ಆಗ ದೀಪಾವಳಿ ಬಂತೆಂದರೆ ಮನೆಮನೆಯವರೂ ರವೆ, ಮೈದಾ, ಸಕ್ಕರೆ, ತುಪ್ಪ ಒಂದು ಡಬ್ಬಿಗೆ ತುಂಬಿ ಬೇಕರಿಗೆ ಒಯ್ಯುತ್ತಿದ್ದರು. ಬೇಕರಿಯವರೇ ನಾದಿ, ಭಟ್ಟಿಯಲ್ಲಿ ಸುಟ್ಟು, ಅದೇ ಡಬ್ಬಿಗೆ ನಾನಕಟಾಯಿ ತುಂಬಿ ಕೊಡುತ್ತಿದ್ದರು. ನಾನು ಹಾಗೆ ಮಾಡಲಿಲ್ಲ. ಹಿಟ್ಟನ್ನು ಮನೆಯಲ್ಲೇ ನಾದಿ, ಲಟ್ಟಿಸಿ, ನಕ್ಷತ್ರದ ಆಕಾರದಲ್ಲಿ ಕತ್ತರಿಸಿ, ಅಂಚಿಗೆಲ್ಲ ಕರ್ಜಿಕಾಯಿಗೆ ಹಾಕುವಂಥ ಹಲ್ಲುಗಳನ್ನು ಕೊರೆದು, ದೊಡ್ಡ ತಾಟಿನಲ್ಲಿ ಹೊಂದಿಸಿ ಒಯ್ದೆ. “ಸುಡೂದಷ್ಟ ನಿಮ್ಮ ಕೆಲಸ” ಎಂದು ಬೇಕರಿ ಕಾಕಾನಿಗೆ ಎರಡು ಸಲ ಹೇಳಿ ಬಂದೆ.

ಸಂಜೆ ಹೋದರೆ ಡಬ್ಬಿಯ ತುಂಬ ದುಂಡನೆಯ ನಾನಕಟಾಯಿ.

“ಕಾಕಾ, ಇವು ನಮ್ಮವಲ್ಲ.”

“ನಿಮ್ಮವ ಅದಾವ್ರಿ ಅಕ್ಕಾರ. ನಿಮ್ಮ ಬಿಸ್ಕೀಟಿನ ಅಂಚೆಲ್ಲಾ ಹಲ್ಲಹಲ್ಲಾಗಿದ್ದೂವು. ಪಾಪ, ಮನ್ಯಾಗ ಇಲಿ ಕಡದಾವ, ನೋಡಿಲ್ಲ ಅಂತ ತಿಳದು ಮತ್ತ ನಾದಿ ಸರೀ ಮಾಡೀನ್ರಿ. ಅದಕ್ಕ ಬ್ಯಾರೆ ರೊಕ್ಕ ಬ್ಯಾಡ.”

ನಾನು ಡಬ್ಬಿ ಹೊತ್ತುಕೊಂಡು ಮನೆಗೆ ಬಂದೆ. ಡಬ್ಬಿ ಕೆಳಗಿಡುವ ಮುಂಚೆಯೇ ಅತ್ತೆಯವರು ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು ತೆಗೆದರು.

“ಈಗ ಬಂತು ನೋಡು ಕೈಗೆ ಹದಾ. ಛಲೋ ಆಗ್ಯಾವ.”

ಪಡಸಾಲೆಯಲ್ಲಿ ಪತ್ರಿಕೆ ಮಡಚಿದ ಸಪ್ಪಳವಾಯಿತು. “ಏನಂದಿ? ಛಲೋ ಅಂದ್ಯಾ?” ಎನ್ನುತ್ತ ಮಾವನವರು ಎದ್ದು ಬಂದರು. ಅವರ ಕೈಯಲ್ಲಿ ಆಗಲೇ ಮಸಿದೌತಿ ಇತ್ತು.

ನಾನು ಒಂದು ಕ್ಷಣ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಸುಮ್ಮನೆ ನಿಲ್ಲುವುದು ನನಗೆ ಆಗಲಿಲ್ಲ. ಸಿಸ್ಟರ್ ಎಲ್ಲಿಂದಲೋ ನನ್ನನ್ನು ತಿರುವಿ ಹಿಂಬದಿ ನೋಡುತ್ತಿದ್ದಾರೆ ಅನಿಸಿತು.

“ಇವು ನನ್ನ ಕೈಯ ಕೆಲಸ ಅಲ್ರಿ ಮಾವಾರ. ಬೇಕರಿ ಕಾಕಾ ಮಾಡ್ಯಾನ್ರಿ” ಎಂದೆ.

ಮಾವನವರು ದೌತಿಯ ಮುಚ್ಚಳ ತಿರುಗಿಸಿ ಬಿಗಿದರು. ಅತ್ತೆಯವರು ಮೂರನೆಯದಕ್ಕೆ ಕೈ ಹಾಕುತ್ತ ಹೇಳಿದರು:

“ಹಂಗಾದ್ರ ಆ ಕಾಕಾನ್ನ ಕಳಸ್ರಿ ಸಾಲಿಗೆ.”

ತಳದಲ್ಲಿದ್ದ ಹಸಿರು ಖಣ

ಆದರೂ ಮಾವನವರಿಗೆ ನನ್ನ ಮೇಲೆ ಕರುಣೆ ಬಂತು. ಅರ್ಜಿ ತಾವೇ ಬರೆದು ಹಾಕಿದರು. ಮುಂದಿನ ತಿಂಗಳ ಮೊದಲ ಸೋಮವಾರ, ಕೈಕೆಲಸದ ಒಂದು ಮಾದರಿಯನ್ನು ತೆಗೆದುಕೊಂಡು ಬರಬೇಕೆಂದು ಸಾಲೆಯಿಂದ ಉತ್ತರ ಬಂತು. “ರವಿವಾರ ಅದನ್ನ ನಿಮ್ಮ ಅತ್ತಿಗೆ ತೋರಸು. ಛಲೋ ಅಂದ್ರ ಸೋಮವಾರ ಹೋಗು” ಎಂದು ಮಾವನವರು ಹಳೆಯ ಕರಾರನ್ನೇ ಉಳಿಸಿಕೊಂಡರು.

ಕಾನ್ವೆಂಟಿನಲ್ಲಿ ಕಲಿತ ಗುಲಾಬಿ ಹೂವಿನ ಹೊಲಿಗೆಗೆ ಅತ್ತೆಯವರು ಸೋಲುವವರಲ್ಲ. ಅದಕ್ಕೆ ಒಂದು ರವಿಕೆಯಷ್ಟು ಹಸಿರು ಖಣದ ಬಟ್ಟೆ ತೆಗೆದುಕೊಂಡು, ಪಕ್ಕದ ಮನೆಯ ಮುದುಕಮ್ಮನಿಂದ ಕಲಿತು, ನಮ್ಮ ಕಡೆಯ ಕಸೂತಿ ಹಾಕಿದೆ. ಗೋಪುರ, ತುಳಸಿಕಟ್ಟೆ, ಎರಡು ಸಾಲು ಗಿಣಿ. ಎಳೆ ಎಳೆ ಎಣಿಸಿ ಹಾಕುವ ಕೆಲಸ. ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ಅತ್ತೆಯವರು ಮಧ್ಯಾಹ್ನ ಮಲಗಿದಾಗ ಮಾತ್ರ ಹಾಕುತ್ತಿದ್ದೆ. ಮುಗಿದ ಮೇಲೆ ಕಸೂತಿ ಒಳಗೆ ಬರುವಂತೆ ಮಡಚಿ, ಅವರು ಖಣಗಳನ್ನಿಡುವ ಟ್ರಂಕಿನ ತಳದಲ್ಲಿ ಬಚ್ಚಿಟ್ಟೆ. ಅವರು ಕೊಡುವಾಗ ಮೇಲಿನದನ್ನೇ ಕೊಡುತ್ತಾರೆಂದು ನನಗೆ ಗೊತ್ತಿತ್ತು.

ಆ ಖಣಗಳ ಬಗ್ಗೆ ಹೇಳಬೇಕು. ಉಡಿ ತುಂಬುವಾಗ ಕೊಟ್ಟ ಖಣವನ್ನು ನಮ್ಮಲ್ಲಿ ಯಾರೂ ಹೊಲಿಸುತ್ತಿರಲಿಲ್ಲ. ಬಿಚ್ಚಿಯೂ ನೋಡುತ್ತಿರಲಿಲ್ಲ. ಮಡಿಕೆ ಮುರಿಯದೆ ಟ್ರಂಕಿಗೆ ಹೋಗಿ, ಅಲ್ಲಿಂದ ಇನ್ನೊಬ್ಬರ ಉಡಿಗೆ ಹೋಗುತ್ತಿತ್ತು. ನಿಯಮ ಒಂದೇ: ಯಾರ ಮನೆಯಿಂದ ಬಂದಿತೋ ಅವರಿಗೇ ತಿರುಗಿ ಕೊಡಬಾರದು.

ಶುಕ್ರವಾರ ನೋಡಿದರೆ ತಳದಲ್ಲಿ ಖಣ ಇಲ್ಲ.

“ಅದನ್ನ ಮಂಗಳವಾರ ವಕೀಲರ ಸೊಸಿಗೆ ಉಡಿ ತುಂಬಿದೆ” ಎಂದರು ಅತ್ತೆಯವರು. “ಮ್ಯಾಲಿನ ನಾಲ್ಕೂ ಅವರ ಮನಿಯಿಂದನ ಬಂದಿದ್ದೂವು. ಅವರದನ್ನ ಅವರಿಗೆ ಕೊಡಾಕ ಬರತೈತೇನು?”

“ಅದು ಹೊಳ್ಳಿ ಬೇಕಾಗಿತ್ರಿ.”

“ಉಡಿಯಾಗ ಹಾಕಿದ್ದನ್ನ ಹೊಳ್ಳಿ ಕೇಳತಾರ? ಹುಚ್ಚಿ ಅದೀಯೇನು?”

ಅದರೊಳಗೆ ಏನಿತ್ತೆಂದು ನಾನು ಹೇಳಲಿಲ್ಲ. ಕಣ್ಣಿಗೆ ಕಾಣದ ಕೆಲಸವನ್ನು ಬಾಯಿಮಾತಿನಲ್ಲಿ ಹೊಗಳಿಕೊಳ್ಳುವ ಅಭ್ಯಾಸ ನನಗಿರಲಿಲ್ಲ.

ವಕೀಲರ ಮನೆಗೆ ನೆಪ ಮಾಡಿಕೊಂಡು ಹೋದೆ. ಖಣ ಆಗಲೇ ಹುಬ್ಬಳ್ಳಿಯ ಗೋಪನಕೊಪ್ಪಕ್ಕೆ, ವಕೀಲರ ಅಕ್ಕನ ಉಡಿಗೆ ಹೋಗಿತ್ತು. “ಸೊಸಿ ಮೊದಲನೇ ಸಲ ಬಂದಾಳ, ಬರೇ ಕೈಲೆ ಕಳಸೂದ?” ಎಂದು ವಕೀಲರ ಹೆಂಡತಿ ನನ್ನ ಉಡಿ ತುಂಬಿ ಒಂದು ಕೆಂಪು ಖಣ ಕೊಟ್ಟರು. ಶನಿವಾರ ಬಸ್ಸು ಹಿಡಿದು ಗೋಪನಕೊಪ್ಪಕ್ಕೆ ಹೋದೆ. ಅಲ್ಲಿಂದ ಅದು ಹಿಂದಿನ ದಿನವೇ ಹೆಬ್ಬಳ್ಳಿಗೆ, ಒಬ್ಬ ಬೀಗಿತ್ತಿಯ ಉಡಿಯಲ್ಲಿ ಹೋಗಿತ್ತು. ಅವರೂ ಬಿಡಲಿಲ್ಲ; ನೀಲಿ ಖಣ. ರವಿವಾರ ಹೆಬ್ಬಳ್ಳಿಗೆ ಹೋದರೆ ಆ ಮನೆಗೆ ಬೀಗ. ಪಕ್ಕದ ಮನೆಯಾಕೆ, “ಧಾರವಾಡದಿಂದ ಬಂದೀರಿ, ಹಂಗ ಹೋಗಬ್ಯಾಡ್ರಿ” ಎಂದು ಕರೆದು ಹಳದಿಯದೊಂದು ಕೊಟ್ಟಳು.

ಮೂರು ದಿನದಲ್ಲಿ ಮೂರು ಖಣ, ಮೂರು ತೆಂಗಿನಕಾಯಿ ಮನೆಗೆ ತಂದೆ. ಅತ್ತೆಯವರು ಅವನ್ನು ಎಣಿಸಿ ಟ್ರಂಕಿಗೆ ಹಾಕಿದರು. ಇಷ್ಟು ದಿನದಲ್ಲಿ ಸೊಸೆಯಿಂದ ಮನೆಗಾದ ಮೊದಲ ಲಾಭ ಎಂಬಂತಿತ್ತು ಅವರ ಮುಖ. ತೋರಿಸಲು ಏನೂ ಇರಲಿಲ್ಲವಾದ್ದರಿಂದ ಸೋಮವಾರ ಸಾಲೆಗೆ ಹೋಗಲಿಲ್ಲ. ಮಾವನವರಿಗೆ “ಆಗಲಿಲ್ರಿ” ಎಂದಷ್ಟೇ ಹೇಳಿದೆ. ಕೆಲಸ ಇನ್ನೊಬ್ಬಳಿಗೆ ಹೋಯಿತು. ಆಕೆ ಒಯ್ದಿದ್ದ ಮೇಜುಬಟ್ಟೆಯನ್ನು ಆಮೇಲೆ ಒಂದು ಪ್ರದರ್ಶನದಲ್ಲಿ ನೋಡಿದೆ. ತಿರುವಿಯೂ ನೋಡಿದೆ. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಒಂದೂವರೆ ವರ್ಷದ ಮೇಲೆ ನನ್ನ ಕುಬಸ, ಅಂದರೆ ಸೀಮಂತ. ಏಳನೆಯ ತಿಂಗಳು, ಮನೆ ತುಂಬ ಹೆಂಗಸರು. ಒಬ್ಬೊಬ್ಬರಾಗಿ ಬಂದು ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ತೆಂಗಿನಕಾಯಿ, ಖಣ ಉಡಿಗೆ ಹಾಕುತ್ತಿದ್ದರು. ಭಾರಕ್ಕೆ ಒಂದು ತೆಂಗಿನಕಾಯಿ ಜಾರಿ ಉರುಳಿತು. ಅದರ ಜೊತೆಗೆ ಒಂದು ಹಸಿರು ಖಣವೂ ಬಿದ್ದು, ಮಡಿಕೆ ಬಿಚ್ಚಿಕೊಂಡು, ಚಾಪೆಯ ಮೇಲೆ ಹಾಸಿಕೊಂಡಿತು. ಗೋಪುರ, ತುಳಸಿಕಟ್ಟೆ, ಎರಡು ಸಾಲು ಗಿಣಿ. ಅಂಚಿನಲ್ಲಿ ಯಾವ್ಯಾವುದೋ ಮನೆಗಳ ಕುಂಕುಮದ ಕಲೆ.

ಹೆಂಗಸರೆಲ್ಲ ಮುಂದೆ ಬಗ್ಗಿ ನೋಡಿದರು. ತಂದಾಕೆ ಎಲ್ಲರಿಗಿಂತ ಹೆಚ್ಚು ಬೆರಗಾಗಿದ್ದಳು. ತಾನೇನು ತಂದಿದ್ದೇನೆಂದು ಆಕೆಗೂ ಗೊತ್ತಿರಲಿಲ್ಲ.

ಅತ್ತೆಯವರು ಬಗ್ಗಿ ಎತ್ತಿಕೊಂಡರು. ಮುಂದೆ ನೋಡಿದರು. ತಿರುವಿ ಹಿಂದೆ ನೋಡಿದರು. ಮತ್ತೆ ಮುಂದೆ ನೋಡಿದರು.

“ಅವ್ವಾ! ಏನ ಛಲೋ ಹಾಕ್ಯಾಳ! ಹಿಂದ ಮುಂದ ಗೊತ್ತಾಗವಲ್ದು. ಕೈ ಅಂದ್ರ ಹಿಂಗಿರಬೇಕು.” ಆಮೇಲೆ ನನ್ನ ಕಡೆ ತಿರುಗಿ, “ನೋಡು. ನೋಡಿ ಕಲಕೋ” ಎಂದರು.

ಪಡಸಾಲೆಯಲ್ಲಿ ಪತ್ರಿಕೆ ಕೆಳಗಿಳಿದಿತ್ತು. ಮಾವನವರು ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದರು.

“ಅದು ನಾನ ಹಾಕಿದ್ದು, ಅತ್ತಿಯವ್ರ” ಎಂದೆ. “ನಿಮ್ಮ ಟ್ರಂಕಿನ ತಳದಾಗ ಇಟ್ಟಿದ್ದೆ. ನೀವ ವಕೀಲರ ಸೊಸಿಗೆ ಕೊಟ್ಟೀರಿ.”

ಅತ್ತೆಯವರು ಒಳಗೆ ಹೋಗಿ ಚಸ್ಮಾ ಹಾಕಿಕೊಂಡು ಬಂದರು. ಖಣವನ್ನು ಕಿಟಕಿಯ ಬೆಳಕಿಗೆ ಒಯ್ದು, ಗಿಣಿಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡುತ್ತ ಬಂದರು. ಎರಡನೆಯ ಸಾಲಿನ ಐದನೆಯ ಗಿಣಿಯ ಮೇಲೆ ಬೆರಳು ನಿಂತಿತು.

ಅಲ್ಲಿ ನಾನು ಒಂದು ಎಳೆ ತಪ್ಪಿ ಎಣಿಸಿದ್ದೆ. ಮುಗಿದ ದಿನವೇ ನನಗೆ ಗೊತ್ತಾಗಿತ್ತು. ಬಿಚ್ಚಲು ಹೊತ್ತಿರಲಿಲ್ಲ.

“ಹಾಂ, ನೀನ ಹಾಕಿದ್ದು” ಎಂದರು ಅತ್ತೆಯವರು. “ಇದರ ಕೊಕ್ಕ ಸೊಟ್ಟ ಐತಿ.”

ಖಣವನ್ನು ಹಳೆಯ ಮಡಿಕೆಗೆ ಸರಿಯಾಗಿ ಮಡಚಿ ಟ್ರಂಕಿನ ಕಡೆಗೆ ನಡೆದರು.

“ಇರಲಿ ಬಿಡು. ಯಾರಿಗರೆ ಕೊಡಾಕ ಬರತೈತಿ.”