ಕೈ ಎತ್ತುವ ಊರು

ಮೇಷ್ಟ್ರ ದೂರು ಬಹಳ ದೊಡ್ಡದೇನಲ್ಲ. ವಿಮಾನ ಹತ್ತುವಾಗ ಅವರು ಮೇಷ್ಟ್ರಾಗಿದ್ದರು, ಇಳಿಯುವಾಗ ಡಾಕ್ಟರಮ್ಮನ ಗಂಡ ಆಗಿದ್ದರು, ಅಷ್ಟೇ. ಈ ರೂಪಾಂತರ ಆಕಾಶದಲ್ಲಿ ಯಾವ ಎತ್ತರದಲ್ಲಿ ಸಂಭವಿಸಿತೆಂಬುದನ್ನು, ಇಪ್ಪತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿದ ಅವರಿಂದಲೂ ಕಂಡುಹಿಡಿಯಲಾಗಲಿಲ್ಲ.

ಹೆಂಡತಿ ಕಣ್ಣಿನ ಡಾಕ್ಟರು. ಪರದೇಶದ ಒಂದು ಸಣ್ಣ ಊರಿನ ಆಸ್ಪತ್ರೆ ಆಕೆಯನ್ನು ಕರೆಸಿಕೊಂಡಿತು. ಮೇಷ್ಟ್ರು ಉದ್ದನೆಯ ರಜೆ ಹಾಕಿ ಜೊತೆಗೆ ಬಂದರು. ಹಳೆಯ ಊರಿನಲ್ಲಿ ಅವರು ಬೀದಿಗಿಳಿದರೆ ಹುಡುಗರು ಸೈಕಲ್ ಇಳಿಯುತ್ತಿದ್ದರು, ಹೋಟೆಲಿನವನು ಎದ್ದುನಿಂತು ಕುರ್ಚಿ ಒರೆಸುತ್ತಿದ್ದ. ಇಲ್ಲಿ ಆಸ್ಪತ್ರೆಯ ಬಾಗಿಲಲ್ಲಿದ್ದವನು ಅವರನ್ನು ಎಲ್ಲರಿಗೂ ಪರಿಚಯಿಸಿದ್ದು ಹೀಗೆ: “ಇವರು ನಮ್ಮ ಹೊಸ ಡಾಕ್ಟರು. ಇದು ಅವರ ಪೆಟ್ಟಿಗೆ. ಇವರು ಅವರ ಗಂಡ.” ಪೆಟ್ಟಿಗೆಯ ನಂತರ!

ಸಾಲದ್ದಕ್ಕೆ ಭಾವಮೈದುನನ ಫೋನು. ನೀರೆತ್ತುವ ಪಂಪು ಮಾರುವ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಈ ಮಹಾಶಯ, ಭಾವನ ಮರ್ಯಾದೆಯಲ್ಲಿ ಎಲ್ಲಿ ಸೋರಿಕೆಯಿದೆಯೆಂದು ಹುಡುಕುವುದರಲ್ಲೂ ಅಷ್ಟೇ ನಿಪುಣ.

“ಭಾವ, ಅಕ್ಕನ ಲಗೇಜು ಎಲ್ಲಾ ಸರಿಯಾಗಿ ತಲುಪ್ತಾ?”

“ತಲುಪ್ತಪ್ಪ.”

“ನೀವೂ ತಲುಪಿದ್ರಲ್ಲ?”

ಊರು ಎಂದರೆ ಒಂದೇ ಉದ್ದನೆಯ ಬೀದಿ, ಅದಕ್ಕೆ ಅಂಟಿಕೊಂಡ ನಾಲ್ಕಾರು ಓಣಿ, ಓಣಿಗಳ ಆಚೆ ಹುಲ್ಲುಗುಡ್ಡ. ಪಕ್ಕದ ಮನೆಯವರು ಲೋಟದಲ್ಲಿ ಸಕ್ಕರೆ ಕದಡಿದರೆ ಇವರ ಅಡುಗೆಮನೆಯಲ್ಲಿ ಕೇಳಿಸುವಷ್ಟು ನಿಶ್ಶಬ್ದ. ಹೆಂಡತಿ ಬೆಳಿಗ್ಗೆ ನಡೆದುಕೊಂಡೇ ಆಸ್ಪತ್ರೆಗೆ ಹೋದಮೇಲೆ ಆ ನಿಶ್ಶಬ್ದವೆಲ್ಲ ಮೇಷ್ಟ್ರ ಪಾಲಿಗೆ. ತಮ್ಮನ್ನು ಈ ಊರಿನಲ್ಲಿ ಯಾರಾದರೂ ಒಬ್ಬರು ‘ಓ, ಇವರಾ’ ಎನ್ನುವಂತಾಗಬೇಕು. ಆಮೇಲೆ ಬೇಕಾದರೆ ಭಾವಮೈದುನ ಬಂದು ನೋಡಲಿ. ಅವರ ಬಾಳಿನ ಸದ್ಯದ ಗುರಿ ಇದೊಂದೇ ಆಗಿತ್ತು.

ಇಂಥ ಹೊತ್ತಿನಲ್ಲಿ ಅವರು ಗಾಡಿ ಕೊಂಡರು. ಹೊಸ ಗಾಡಿ ಕೊಳ್ಳುವುದು ಅವೈಜ್ಞಾನಿಕವೆಂದು ತೀರ್ಮಾನಿಸಿ, ಊರು ಬಿಟ್ಟು ಮಗಳ ಮನೆಗೆ ಹೊರಟಿದ್ದ ಒಬ್ಬ ಮುದುಕರ ಪುಟ್ಟ ವ್ಯಾನನ್ನು ತಂದರು. ಬೆಣ್ಣೆಬಣ್ಣ, ಬೆನ್ನು ಸ್ವಲ್ಪ ಉಬ್ಬು. ಹಿಂಭಾಗದಲ್ಲಿ ಸೀಟಿರಲಿಲ್ಲ, ನೆಲದಿಂದ ಚಾವಣಿಯವರೆಗೆ ಅಂಗೈಯಗಲದ ಅಂತರದಲ್ಲಿ ಮರದ ಹಲಗೆಗಳಿದ್ದವು.

“ಇಷ್ಟೊಂದು ಹಲಗೆ ಯಾಕ್ರೀ?” ಎಂದಳು ಹೆಂಡತಿ.

“ಪುಸ್ತಕ ಇಡೋಕೆ ಹೇಳಿ ಮಾಡಿಸಿದ ಹಾಗಿದೆ ನೋಡು.”

“ಇಷ್ಟು ಕುಳ್ಳ ಪುಸ್ತಕ ಯಾವ್ದಿದೆ?”

“ಮಲಗಿಸಿ ಇಡೋದು ಕಣೇ! ಓದಿದವರ ಮನೆ ಹುಡುಗಿ, ಇಷ್ಟೂ ಹೊಳೆಯಲ್ವಾ?”

ಮಲಗಿಸಿಯೇ ಇಟ್ಟರು, ಹನ್ನೆರಡು ಸಂಪುಟದ ವಿಶ್ವಕೋಶವನ್ನು. ಅಂದಹಾಗೆ, ಬೀಗದಕೈ ಕೊಡುವಾಗ ಮುದುಕರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ತಮ್ಮ ಭಾಷೆಯಲ್ಲಿ ಏನೇನೋ ಹೇಳಿದ್ದರು. ಮೇಷ್ಟ್ರಿಗೆ ಅರ್ಧ ತಿಳಿಯಿತು. ಉಳಿದರ್ಧಕ್ಕೆ ಗಂಭೀರವಾಗಿ ತಲೆಯಾಡಿಸಿದರು. (ಇನ್ನೊಂದು ಸಲ ಹೇಳಿ ಎಂದು ಕೇಳುವುದು ಅವರ ಜಾಯಮಾನದಲ್ಲಿರಲಿಲ್ಲ. ಹಾಗೆ ಕೇಳಿದ ವಿದ್ಯಾರ್ಥಿಗಳನ್ನು ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.)

ಮರುದಿನ ಬೆಳಿಗ್ಗೆ ಗಾಡಿ ಬೀದಿಗೆ ತಿರುಗಿತೋ ಇಲ್ಲವೋ, ಬೇಲಿಯ ಬಳಿ ನಿಂತಿದ್ದ ಒಬ್ಬ ಬಡಗಿ ಕೈ ಎತ್ತಿದ.

ಮೇಷ್ಟ್ರು ಸುಲಭಕ್ಕೆ ಯಾವುದನ್ನೂ ನಂಬುವವರಲ್ಲ. ನೊಣ ಓಡಿಸಿರಬಹುದು ಎಂದುಕೊಂಡರು. ಮೈಮುರಿದಿರಬಹುದು. ಹಿಂದೆ ಯಾರಾದರೂ ಬರುತ್ತಿರಬಹುದು. ಕನ್ನಡಿಯಲ್ಲಿ ನೋಡಿದರು, ಹಿಂದೆ ಯಾರೂ ಇಲ್ಲ. ಮುಂದಿನ ತಿರುವಿನಲ್ಲಿ ಒಬ್ಬ ಅಜ್ಜಿ ಕೈ ಎತ್ತಿದಳು. ಅದರಾಚೆ ಇಬ್ಬರು ಹೆಂಗಸರು ಒಟ್ಟಿಗೇ ಎತ್ತಿದರು. ಇಷ್ಟು ಜನಕ್ಕೆ ಒಂದೇ ಬೆಳಿಗ್ಗೆ ನೊಣ ಮುತ್ತುವುದು ಸಂಭವನೀಯತೆಯ ಗಣಿತಕ್ಕೆ ಒಗ್ಗುವಂಥದ್ದಲ್ಲ. ಮೇಷ್ಟ್ರು ಒಂದು ಪ್ರಯೋಗ ಮಾಡಿದರು: ಹಾರನ್ ಒತ್ತಿದರು. ಆ ಗಾಡಿಯ ಹಾರನ್ನು ಮೂರು ಸ್ವರದ್ದು, ಯಾರನ್ನೋ ಮುದ್ದಾಗಿ ಕೂಗಿ ಕರೆದ ಹಾಗೆ. ಅದು ಮೊಳಗಿದ್ದೇ ತಡ, ಮನೆಮನೆಯ ಬಾಗಿಲು ತೆರೆಯಿತು. ಜನ ಕೈಯಲ್ಲಿದ್ದ ಬುಟ್ಟಿ, ಪಾತ್ರೆಗಳನ್ನೂ ಕೆಳಗಿಡದೆ ಹೊರಗೋಡಿ ಬಂದು ಕೈ ಎತ್ತಿದರು.

ಸಾಕ್ಷ್ಯಕ್ಕೆ ತಲೆಬಾಗದವನು ವಿಜ್ಞಾನ ಓದಿ ಪ್ರಯೋಜನವೇನು? ಮೇಷ್ಟ್ರು ತಲೆಬಾಗಿದರು. ಊರು ತಮ್ಮನ್ನು ಗುರುತಿಸಿದೆ.

“ರೀ, ಈ ಊರಲ್ಲಿ ಯಾರೂ ಹಾರನ್ ಹೊಡೆಯಲ್ಲ. ಬೈತಾರೆ,” ಎಂದಳು ಹೆಂಡತಿ ರಾತ್ರಿಯ ಊಟದ ಹೊತ್ತಿಗೆ.

“ಬೈತಾರಾ? ಕಾಯ್ತಿರ್ತಾರೆ! ಕೈಲಿದ್ದ ಕೆಲಸ ಬಿಟ್ಟು ಓಡಿ ಬರ್ತಾರೆ ಕಣೇ.”

“ನನಗೆ ಯಾರೂ ಹಾಗೆ ಕೈ ಎತ್ತಿದ್ದು ನಾ ಕಾಣೆ. ಪರಿಚಯ ಇರೋರೂ ಸುಮ್ನೆ ತಲೆ ಅಲ್ಲಾಡಿಸ್ತಾರೆ.”

“ನೀನು ಜನರ ಕಣ್ಣು ನೋಡೋಳು. ನಾನು ಜನರ ಕಣ್ಣಿಗೆ ಬೀಳೋನು. ವ್ಯತ್ಯಾಸ ಇದೆ.”

ಅಲ್ಲಿಂದ ಮುಂದೆ ಬೆಳಗಿನ ಸವಾರಿ ಒಂದು ವ್ರತವಾಯಿತು. ಎತ್ತಿದ ಕೈಗೆ ಉತ್ತರವಾಗಿ ತಮ್ಮ ಕೈ ಎಷ್ಟು ಏರಬೇಕು, ಮಣಿಕಟ್ಟು ಎಷ್ಟು ಹೊರಳಬೇಕು ಎಂಬುದನ್ನು ಮೇಷ್ಟ್ರು ಬಚ್ಚಲುಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿದರು. ತಲೆಯ ಮೇಲೆ ಹೋದರೆ ಪುಢಾರಿಯಂತೆ ಕಾಣುತ್ತದೆ. ಎದೆಗಿಂತ ಕೆಳಗಾದರೆ ಬಸ್ ಕಂಡಕ್ಟರಂತೆ. ಕಿವಿಯ ಮಟ್ಟ ಪ್ರಶಸ್ತ.

“ಕನ್ನಡಿ ಒರೆಸ್ತಿದ್ದೀರಾ?” ಎಂದು ಹೆಂಡತಿ ಹೊರಗಿನಿಂದ ಕೇಳಿದಳು. “ಹಾಗೇ ಬೇಸಿನ್ನೂ ಉಜ್ಜಿಬಿಡಿ.”

ದಿನ ಕಳೆದಂತೆ ಜನರ ಅಭಿಮಾನ ಮಿತಿಮೀರತೊಡಗಿತು. ಒಂದು ಕೈ ಎತ್ತುತ್ತಿದ್ದವರು ಎರಡೂ ಕೈ ಎತ್ತಿದರು. ಒಬ್ಬಾಕೆ ಗಾಡಿಯ ಹಿಂದೆ ಸಾಕಷ್ಟು ದೂರ ಓಡಿಬಂದಳು. ಇಷ್ಟೊಂದು ಆರಾಧನೆ ಸಲ್ಲದೆಂದು ವಿನಯದಿಂದ ಮೇಷ್ಟ್ರು ವೇಗ ಹೆಚ್ಚಿಸಿದರು. ಬಡಗಿ ಈಗೀಗ ಮುಷ್ಟಿ ಕಟ್ಟಿ ಎತ್ತುತ್ತಿದ್ದ. ಬಹುಶಃ ದುಡಿಮೆಗಾರರ ಕಡೆಯ ಹಳೆಯ ಗೌರವಸೂಚಕ ಪದ್ಧತಿಯಿರಬೇಕೆಂದು ಮೇಷ್ಟ್ರು ತಾವೂ ಮುಷ್ಟಿ ಕಟ್ಟಿ ಎತ್ತಿ ತೋರಿಸಿದರು. ಅವನ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು.

ಅಷ್ಟರಲ್ಲಿ ಭಾವಮೈದುನ ಪಂಪಿನ ಕೆಲಸಕ್ಕೆಂದು ಅದೇ ದೇಶದ ದೊಡ್ಡ ಪಟ್ಟಣಕ್ಕೆ ಬಂದವನು, ಅಕ್ಕನನ್ನು ನೋಡಿಹೋಗಲು ಈ ಊರಿಗೂ ಬಂದಿಳಿದ. ಚಪ್ಪಲಿ ಬಿಡುವ ಮೊದಲೇ ಕೇಳಿದ: “ಹೊತ್ತು ಹೇಗೆ ಹೋಗುತ್ತೆ ಭಾವ? ಅಕ್ಕ ಬರೋವರೆಗೂ ಕಿಟಕೀಲಿ ಕೂತಿರ್ತೀರಾ?”

ಮೇಷ್ಟ್ರು ನಕ್ಕರು. ಸೇಡಿಗೆ ಸಿದ್ಧತೆ ಪೂರ್ತಿಯಾದವನ ನಗೆ ಅದು. “ಬೆಳಿಗ್ಗೆ ಒಂದು ಸುತ್ತು ಹೋಗಿಬರೋಣ. ನೀನೇ ನೋಡುವೆಯಂತೆ.”

ಬೆಳಿಗ್ಗೆ ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು; ಮೇಷ್ಟ್ರು, ನಡುವೆ ರಜೆಯಲ್ಲಿದ್ದ ಹೆಂಡತಿ, ಆ ಕಡೆ ಭಾವಮೈದುನ. ಬೀದಿಯ ತುದಿಯಲ್ಲಿ ಮೇಷ್ಟ್ರು ಹಾರನ್ ಒತ್ತಿದರು. ಬಾಗಿಲುಗಳು ತೆರೆದವು. ಎಡಕ್ಕೆ ಕೈ, ಬಲಕ್ಕೆ ಕೈ, ಮಹಡಿಯ ಕಿಟಕಿಯಿಂದಲೂ ಒಂದು ಕೈ. ಮೇಷ್ಟ್ರ ಕೈ ಕಿವಿಯ ಮಟ್ಟಕ್ಕೇರಿ, ಮೆಲ್ಲಗೆ ಹೊರಳಿ, ಇಳಿಯಿತು.

ಭಾವಮೈದುನನ ಬಾಯಿ ತೆರೆದದ್ದು ಮುಚ್ಚಲಿಲ್ಲ. “ಭಾವ! ಏನಿದು!”

“ಏನಿಲ್ಲಪ್ಪ. ಜನ. ಪ್ರೀತಿ.”

“ಅಕ್ಕಾ, ನಿಜ ಹೇಳ್ತೀನಿ, ನಮ್ಮ ಎಂ.ಡಿ. ಬಂದ್ರೂ ಫ್ಯಾಕ್ಟರೀಲಿ ಇಷ್ಟು ಜನ ಎದ್ದು ಬರಲ್ಲ. ಭಾವ, ಊರಲ್ಲಿ ನಾನು ನಿಮ್ಮ ವಿಷಯ ಏನೇನೋ ಆಡಿಬಿಟ್ಟಿದ್ದೆ. ತಪ್ಪಾಯ್ತು.”

ಮೇಷ್ಟ್ರು ಆ ಕ್ಷಣದಲ್ಲಿ ಗುರುತ್ವಾಕರ್ಷಣೆಯ ವ್ಯಾಪ್ತಿಯಿಂದ ಹೊರಗಿದ್ದರು. ಮತ್ತೆ ನೆಲಕ್ಕೆ ಬಂದದ್ದು, ತಿರುವಿನ ಮನೆಯ ಅಜ್ಜಿ ರಸ್ತೆಯ ನಟ್ಟನಡುವೆ, ತೋಳಲ್ಲಿ ಬುಟ್ಟಿ ಸಿಕ್ಕಿಸಿಕೊಂಡು, ಎರಡೂ ಕೈ ಚಾಚಿ ನಿಂತಿದ್ದನ್ನು ಕಂಡಾಗ. ಬ್ರೇಕ್ ಒತ್ತಿದರು. ಎರಡು ಮಾತಾಡಬೇಕಾಗಿ ಬಂದೀತೆಂದು ಗಂಟಲು ಸರಿಮಾಡಿಕೊಂಡು ಇಳಿದರು.

ಅಜ್ಜಿ ಅವರ ಮುಖ ಕೂಡ ನೋಡಲಿಲ್ಲ. ನೇರ ಗಾಡಿಯ ಹಿಂದಕ್ಕೆ ನಡೆದು, ಸ್ವಂತ ಬೀರುವೆಂಬಂತೆ ಬಾಗಿಲು ಎಳೆದು, ಮಲಗಿದ್ದ ಸಂಪುಟವೊಂದನ್ನು ಎತ್ತಿ ಅದರಡಿ ಇಣುಕಿ, ಸೊಂಟಕ್ಕೆ ಕೈಯಿಟ್ಟು ತಿರುಗಿದಳು.

“ಮೊಟ್ಟೆ ಎಲ್ಲಿ?”

“ಯಾವ ಮೊಟ್ಟೆ?” ಎಂದರು ಮೇಷ್ಟ್ರು.

“ಯಾವ ಮೊಟ್ಟೆನಾ? ಮೊಟ್ಟೆ ಗಾಡೀಲಿ ಯಾವ ಮೊಟ್ಟೆ ಇರುತ್ತಪ್ಪಾ, ಆನೆದಾ? ಹಾರನ್ ಹೊಡೀತೀಯ, ಒಲೆ ಮೇಲಿಟ್ಟಿದ್ದನ್ನ ಬಿಟ್ಟು ಓಡಿ ಬರ್ತೀವಿ. ನಿಲ್ಲಿಸು ಅಂತ ಕೈ ಎತ್ತಿದ್ರೆ ನೀನೂ ಕೈ ಎತ್ತಿ, ಹೊರಳಿಸಿ, ಹೊರಟೇಬಿಡ್ತೀಯ! ಏನು ಮಕ್ಕಳಾಟನಾ?” (ಅಜ್ಜಿ ಆಡಿದ್ದು ಆ ದೇಶದ ಭಾಷೆಯೇ. ಆದರೆ ಬೈಗುಳ ಯಾವ ಭಾಷೆಯದಾದರೂ ಕಿವಿಗೆ ಬೀಳುವಾಗ ಕನ್ನಡವಾಗಿಯೇ ಬೀಳುತ್ತದೆ.)

ಅಷ್ಟರಲ್ಲಿ ಬುಟ್ಟಿಗಳು ಸುತ್ತ ನೆರೆದವು. ಬಡಗಿ ಮುಂದೆ ಬಂದ. “ಹಳಬರು ಹೋಗೋವಾಗ ಹೇಳಿದ್ರು, ‘ಗಾಡಿ ತಗೊಂಡೋರು ಮೊಟ್ಟೆ ವ್ಯಾಪಾರಾನೂ ಮುಂದುವರಿಸ್ತಾರೆ, ನಾನು ಕೈ ಹಿಡಿದು ಕೇಳಿದ್ದಕ್ಕೆ ತಲೆಯಾಡಿಸಿದ್ದಾರೆ, ತುಂಬಾ ಗಂಭೀರ ಮನುಷ್ಯ’ ಅಂತ. ಗಂಭೀರ ಸರಿ ಸ್ವಾಮಿ. ಆದ್ರೆ ಇಷ್ಟು ಗರ್ವದ ಮೊಟ್ಟೆಯವರನ್ನ ಈ ಊರು ಕಂಡಿರಲಿಲ್ಲ. ಗುಡ್ಡದಾಚೆ ಕೋಳಿ ಸಾಕೋಳು ಮೊಟ್ಟೆ ರಾಶಿ ಹಾಕ್ಕೊಂಡು ಅಳ್ತಾ ಕೂತಿದ್ದಾಳೆ. ಮೊನ್ನೆ ನಾನು ಹೊಡೀತೀನಿ ಅಂತ ಮುಷ್ಟಿ ತೋರಿಸಿದ್ರೆ, ನೀವೂ ತೋರಿಸಿದ್ರಿ!”

ಗಾಡಿಯೊಳಗಿಂದ ಒಂದು ವಿಚಿತ್ರ ಸದ್ದು ಬಂತು. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಡ್ಯಾಶ್‌ಬೋರ್ಡಿನ ಮೇಲೆ ಮುಖವಿಟ್ಟಿದ್ದಳು. ಭಾವಮೈದುನ ಮಾತ್ರ ನಗಲಿಲ್ಲ. ಅವನು ನಿಧಾನವಾಗಿ ಕಿಟಕಿಯ ಗಾಜು ಇಳಿಸಿ, ತಲೆ ಹೊರಹಾಕಿ, ಭಕ್ತಿಯಿಂದ ಹೇಳಿದ:

“ಭಾವ. ಜನ. ಪ್ರೀತಿ.”

ಮೇಷ್ಟ್ರ ಕಿವಿ ಕೆಂಪಾಯಿತು. ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ಇಳಿದುಬಂದು ಪಿಸುಗುಟ್ಟಿದಳು: “ಇರ್ಲಿ ಬಿಡಿ ರೀ. ಆ ಮುದುಕರು ಹೇಳಿದ್ದು ಅರ್ಥ ಆಗಿರ್ಲಿಲ್ಲ ಅಂತ ಹೇಳ್ಬಿಡಿ, ಮುಗೀತು. ಪಾಪದ ಜನ, ನಗ್ತಾರೆ ಅಷ್ಟೇ.”

“ಅರ್ಥ ಆಗಿರ್ಲಿಲ್ಲ ಅಂತ ನಾನು ಹೇಳೋದಾ? ಇಪ್ಪತ್ತು ವರ್ಷ ಆ ಮಾತನ್ನ ಬೇರೆಯವರು ನನಗೆ ಹೇಳಿದಾರೆ ಕಣೇ!”

ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡು ಜನರತ್ತ ತಿರುಗಿದರು. ಸಿಂಡಿಕೇಟ್ ಸಭೆಯಲ್ಲಿ ನಿರ್ಣಯ ಮಂಡಿಸುವ ಧಾಟಿಯಲ್ಲಿ, ಇಷ್ಟು ದಿನ ತಾವು ಊರಿನ ಬೀದಿಗಳನ್ನು ಅಧ್ಯಯನ ಮಾಡುತ್ತಿದ್ದುದಾಗಿಯೂ, ಅದು ನಿನ್ನೆಗೆ ಮುಗಿಯಿತೆಂದೂ, ನಾಳೆಯಿಂದ ಮೊಟ್ಟೆ ಬರುವುದೆಂದೂ ಘೋಷಿಸಿದರು.

ಬಂತು ಕೂಡ. ವಿಶ್ವಕೋಶ ಮನೆ ಸೇರಿತು. ಹಲಗೆಗಳ ನಡುವೆ ಮೊಟ್ಟೆಯ ತಟ್ಟೆಗಳು ಅಳತೆ ತೆಗೆದಂತೆ ಕೂತವು. ಕೋಳಿ ಸಾಕುವಾಕೆ ಕಣ್ಣೊರೆಸಿಕೊಂಡಳು. ಮಾಡುವ ಕೆಲಸ ಯಾವುದಾದರೇನು, ಮೇಷ್ಟ್ರು ಅದನ್ನು ಪಾಠವಾಗಿಸದೆ ಬಿಡುವವರೇ? ಒಂದೊಂದು ಮೊಟ್ಟೆಯನ್ನೂ ಟಾರ್ಚಿನ ಬೆಳಕಿಗೆ ಹಿಡಿದು ನೋಡಿದರು. ಅನುಮಾನ ಬಂದದ್ದನ್ನು ನೀರಿಗೆ ಬಿಟ್ಟರು. ಗಿರಾಕಿಗಳನ್ನು ಅರ್ಧವೃತ್ತದಲ್ಲಿ ನಿಲ್ಲಿಸಿ, “ಹಳತಾದಷ್ಟೂ ಒಳಗೆ ಗಾಳಿ ಹೆಚ್ಚುತ್ತೆ. ಗಾಳಿ ಹೆಚ್ಚಿದ್ದು ತೇಲುತ್ತೆ,” ಎಂದು ವಿವರಿಸಿದರು.

“ಮನುಷ್ಯರಲ್ಲೂ ಹಾಗೇನಾ?” ಎಂದು ಹೆಂಡತಿ ಹಿಂದಿನಿಂದ ಕೇಳಿದ್ದನ್ನು ಅವರು ಪಠ್ಯಕ್ರಮದ ಹೊರಗಿನ ಪ್ರಶ್ನೆಯೆಂದು ತಳ್ಳಿಹಾಕಿದರು.

ಕೆಟ್ಟ ಮೊಟ್ಟೆ ಒಂದೂ ಬಾರದೆ ಊರಿಗೆ ಊರೇ ಬೆರಗಾಯಿತು. ಅಜ್ಜಿ ಬೈಯುವುದನ್ನು ಬಿಟ್ಟು, ಮೊಟ್ಟೆಯನ್ನು ತಾನೇ ಬೆಳಕಿಗೆ ಹಿಡಿದು ನೋಡತೊಡಗಿದಳು. ಆಸ್ಪತ್ರೆಯಲ್ಲಿ ಕಣ್ಣು ತೋರಿಸಲು ಬಂದವರು “ನೀವು ಮೊಟ್ಟೆಯವರ ಮನೆಯವರಲ್ವಾ?” ಎಂದು ಕೇಳುತ್ತಿದ್ದಾರೆಂಬ ವರದಿಯನ್ನು ಡಾಕ್ಟರಮ್ಮ ಮನೆಗೆ ತಂದ ಸಂಜೆ, ಮೇಷ್ಟ್ರು ಎರಡನೇ ಸಲ ಕಾಫಿ ಕೇಳಿ ಕುಡಿದರು. ಊರಿಗೆ ಮರಳಿದ ಭಾವಮೈದುನ ಫೋನಿನಲ್ಲಿ “ವ್ಯಾಪಾರ ಹೇಗಿದೆ ಭಾವ?” ಎಂದು ಕೆಣಕಿದರೆ, “ನಿನ್ನ ಪಂಪಿಗೆ ಜನ ಬಾಗಿಲು ತೆಗೆದು ಓಡಿ ಬರ್ತಾರೇನೋ?” ಎಂದು ಕೇಳಿ ಬಾಯಿ ಮುಚ್ಚಿಸುವಷ್ಟು ಅವರು ಆ ಕೆಲಸದಲ್ಲಿ ಬೇರುಬಿಟ್ಟಿದ್ದರು.

ಒಂದು ರಜಾದಿನ ಸಂಜೆ ಗಾಡಿಯನ್ನು ಮನೆಯಲ್ಲೇ ಬಿಟ್ಟು ಗಂಡಹೆಂಡತಿ ಗುಡ್ಡದ ಕಡೆ ನಡೆದುಹೊರಟರು. ಬೀದಿಯ ಆಚೆ ಬದಿಯಲ್ಲಿ ತನ್ನ ಬೇಲಿಗೆ ಒರಗಿ ನಿಂತಿದ್ದ ಬಡಗಿ ಇವರನ್ನು ಕಂಡು ಕೈ ಎತ್ತಿದ.

ಮೇಷ್ಟ್ರು ಗಕ್ಕನೆ ನಿಂತರು. ಅಡ್ಡದಾಟಿ ಅವನ ಬಳಿಗೇ ಹೋದರು. “ಇವತ್ತು ಗಾಡಿ ಇಲ್ಲಪ್ಪ. ನಾಳೆ ಬೆಳಿಗ್ಗೆ ಮೊದಲ ಮನೆ ನಿಂದೇ. ಎಷ್ಟು ಬೇಕು?”

“ಏನೂ ಬೇಡ ಸ್ವಾಮಿ,” ಎಂದ ಬಡಗಿ. “ಸುಮ್ನೆ ಕೈ ಎತ್ತಿದೆ.”

“ಸುಮ್ನೆ ಅಂದ್ರೆ?”

“ನೀವು ಹೋಗ್ತಿದ್ರಿ. ಕಂಡ್ರಿ. ಎತ್ತಿದೆ.”

ಮೇಷ್ಟ್ರು ಅವನ ಮುಖವನ್ನು, ಟಾರ್ಚಿನ ಬೆಳಕಿಗೆ ಹಿಡಿದ ಮೊಟ್ಟೆಯನ್ನು ನೋಡುವ ಹಾಗೆ, ಒಂದು ಗಳಿಗೆ ಪರೀಕ್ಷಿಸಿದರು. ಆಮೇಲೆ ಹೆಂಡತಿಯ ಬಳಿಗೆ ಮರಳಿದರು. ಆಕೆ ನಗುತ್ತಾ ಅವರ ತೋಳು ಹಿಡಿದಳು.

“ಹೋಗಿ ರೀ, ನೀವೂ ಒಂದು ಸಲ ಕೈ ಎತ್ತಿ. ಪಾಪ, ಇನ್ನೂ ಇತ್ತಲೇ ನೋಡ್ತಿದ್ದಾನೆ. ಈ ಸಲ ಅದು ನಿಮಗೇ.”

“ನೀನೊಬ್ಬಳು,” ಎಂದರು ಮೇಷ್ಟ್ರು, ನಡಿಗೆ ಚುರುಕುಗೊಳಿಸುತ್ತಾ. “ಸುಮ್ಮಸುಮ್ಮನೆ ಯಾರಾದ್ರೂ ಕೈ ಎತ್ತುತ್ತಾರೇನೇ? ಸಂಕೋಚದ ಮನುಷ್ಯ, ಬಾಯಿಬಿಟ್ಟು ಕೇಳಲ್ಲ. ನಾಳೆ ಅವನಿಗೆ ಅಂತ ಅರ್ಧ ಡಜನ್ ಜಾಸ್ತಿ ಇಟ್ಕೊಂಡಿರ್ತೀನಿ.”