ಬೀಗಿತ್ತಿಯ ತುಪ್ಪದ ಡಬ್ಬಿ

ನೂರು ಜನರ ಮುಂದೆ ಒಬ್ಬರನ್ನು ಆಡಿಕೊಂಡು, ಅವರ ಕೈಯಿಂದಲೇ ಎಲೆ ಅಡಿಕೆ ಇಸಿದುಕೊಳ್ಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನನಗೆ ಬರುತ್ತದೆ. ಅಕ್ಷರ ಮಾತ್ರ ಅಷ್ಟಕ್ಕಷ್ಟೆ. ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೊಸಹಳ್ಳಿ ದಾಟಿರುತ್ತದೆ. ನಮ್ಮ ಕಡೆ ಮದುವೆಯಲ್ಲಿ ಗಂಡಿನವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯವರು ಬೀಗಿತ್ತಿಯ ಮೇಲೆ ಪದ ಹೇಳಬೇಕು. ಪದ ಕಟ್ಟಿದವಳಿಗೆ ಬೀಗಿತ್ತಿ ಎದ್ದು ತಿರುಗಿ ಬೈಯಬೇಕು. ಆಮೇಲೆ ಇಬ್ಬರೂ ಎಲೆ ಅಡಿಕೆ ಹಾಕಿಕೊಂಡರೆ ಸಂಬಂಧ ಗಟ್ಟಿಯಾದಂತೆ. ನಲವತ್ತು ವರ್ಷದಿಂದ ನಮ್ಮವರ ಮದುವೆಗಳಲ್ಲಿ ಪದ ಕಟ್ಟುವವಳು ನಾನು. ಅದಕ್ಕೇ ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಇಲ್ಲದಿದ್ದರೆ ಚಪ್ಪಲಿ ಕಾಯುವ ಮುದುಕಿ, ಅಷ್ಟೆ.

ದೊಡ್ಡ ಮೊಮ್ಮಗಳ ಮದುವೆಯಲ್ಲಿ ಆ ಕುರ್ಚಿಗೇ ಕುತ್ತು ಬಂತು. ಹಿಂದಿನ ಮದುವೆಯಲ್ಲಿ ನಾನು ಬೀಗಿತ್ತಿಯ ಕಟ್ಟಿಸಿದ ಹಲ್ಲಿನ ಮೇಲೆ ಪದ ಹೇಳಿ, ಆಕೆ ಒಬ್ಬಟ್ಟು ಮುಟ್ಟದೆ ಎದ್ದುಹೋಗಿದ್ದಳು. ಹಲ್ಲು ಕಟ್ಟಿಸಿದ್ದು ನಿಜ, ನನ್ನದೇನು ತಪ್ಪು? ಆದರೂ ಮನೆಯವರೆಲ್ಲ ಸೇರಿ ನನಗೆ ರಜೆ ಕೊಟ್ಟರು. ಚಿಕ್ಕ ಮೊಮ್ಮಗಳು ಕಾವ್ಯ, “ಅಜ್ಜಿ, ಈ ಸಲ ಎಐ ಬರ್ಕೊಡುತ್ತೆ ಬಿಡು. ಯಾರಿಗೂ ಬೇಜಾರಾಗಲ್ಲ” ಎಂದಳು. ಬೇಜಾರಾಗದಿದ್ದರೆ ಅದು ಬೀಗರ ಪದ ಹೇಗಾಯಿತೋ ನನಗೆ ತಿಳಿಯಲಿಲ್ಲ. ನನಗೆ ಒಂದು ಪದಕ್ಕೆ ಮೂರು ದಿನ ಬೇಕು. ಹೂವಿನವಳು, ಕೆಲಸದವಳು, ಪಕ್ಕದ ಮನೆಯವಳು, ಎಲ್ಲರನ್ನೂ ವಿಚಾರಿಸಿ ಬೀಗಿತ್ತಿಯ ಒಂದಾದರೂ ಹುಳುಕು ಹಿಡಿಯಬೇಕು. ಇದೋ, ನಾನು ಕನ್ನಡಕ ಹುಡುಕುವಷ್ಟರಲ್ಲಿ ಹನ್ನೆರಡು ನುಡಿ ಕಟ್ಟಿ, ಹಾಡಿಯೂ ಬಿಟ್ಟಿತು.

ವಿಜಯನಗರದ ಛತ್ರದಲ್ಲಿ ಊಟದ ಹೊತ್ತಿಗೆ ಸ್ಪೀಕರಿನಲ್ಲಿ ಪದ ಹಾಕಿದರು. ಬೀಗಿತ್ತಿ ಜಯಮ್ಮನ ಮುಖ ಚಂದ್ರನಂತೆ, ಮನಸ್ಸು ಮಲ್ಲಿಗೆಯಂತೆ. ಆಕೆ ತಲೆದೂಗುತ್ತಾ ಕೋಸಂಬರಿ ತಿನ್ನುತ್ತಿದ್ದಳು. ಇಷ್ಟೇನಾ ಎಂದು ನನಗೆ ನೆಮ್ಮದಿಯಾಯಿತು. ಐದನೇ ನುಡಿಯಲ್ಲಿ, ಸೊಸೆಗೆ ಕಾಣದಂತೆ ಬೀರುವಿನಲ್ಲಿ ಸೀರೆಗಳ ಹಿಂದೆ ತುಪ್ಪದ ಡಬ್ಬಿ ಬಚ್ಚಿಡುತ್ತಾಳೆ ಎಂದು ಬಂತು. ಜಯಮ್ಮನ ಕೈ ಸೊಂಟದ ಬೀಗದ ಕೈಗೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಅವಳ ಹಿರಿಸೊಸೆ ನಕ್ಕ ರಭಸಕ್ಕೆ ಅನ್ನ ನೆತ್ತಿಗೇರಿತು.

“ಯಾರು ಕಟ್ಟಿದ್ದು ಈ ಪದಾನ?” ಜಯಮ್ಮ ಎದ್ದು ನಿಂತಳು.

ಎಲ್ಲರೂ ಕಾವ್ಯಳನ್ನು ನೋಡಿದರು, ಕಾವ್ಯ ಫೋನನ್ನು ನೋಡಿದಳು. ತುಪ್ಪದ ವಿಷಯ ತಾನು ಹೇಳಿಯೇ ಇಲ್ಲವೆಂದು ನನ್ನ ಕಿವಿಯಲ್ಲಿ ಅತ್ತಳು. ನಾನು ಮೂರು ದಿನ ತಿರುಗಿದ್ದರೂ ಸಿಗುತ್ತಿರಲಿಲ್ಲ, ಆ ಡಬ್ಬಿ ಅದಕ್ಕೆ ಹೇಗೆ ಸಿಕ್ಕಿತು? ಗೊತ್ತಿದ್ದು ಹೇಳಿತೋ, ಎಲ್ಲ ಅತ್ತೆಯರದೂ ಇದೇ ಹಣೆಬರಹವೋ? ಸುಳ್ಳೇಕೆ, ನನ್ನ ಬೀರುವಿನಲ್ಲೂ ಒಂದಿದೆ. ಈಗಲೂ ನನಗೆ ಬಗೆಹರಿದಿಲ್ಲ.

ಅಲ್ಲಿ ಯೋಚಿಸಲು ಪುರುಸೊತ್ತಿರಲಿಲ್ಲ. ಜಯಮ್ಮ ಎಲೆಯ ಮುಂದೆ ನಿಂತೇ ಇದ್ದಳು. ಬೈಯಲು ಆಳು ಸಿಗದಿದ್ದರೆ ಊಟ ಬಿಟ್ಟು ಹೊರಡುತ್ತಾಳೆ; ಆ ಸಿಟ್ಟನ್ನೆಲ್ಲ ನಾಳೆ ಉಣ್ಣಬೇಕಾದವಳು ನನ್ನ ಮೊಮ್ಮಗಳು. ನಾನು ಎದ್ದೆ.

“ನಾನೇ ಕಣಮ್ಮ ಕಟ್ಟಿದ್ದು. ಏನೀಗ?”

ನನ್ನ ಮೂಗಿನಿಂದ ಶುರುಮಾಡಿ ತವರಿನ ಏಳು ತಲೆಮಾರಿನವರೆಗೂ ಆಕೆ ಬೈದಳು. ಬೈದು ಹಗುರಾಗಿ ಕೂತು ಎರಡು ಒಬ್ಬಟ್ಟು ಹಾಕಿಸಿಕೊಂಡಳು. ಕೊನೆಗೆ ಎಲೆ ಅಡಿಕೆ ಕೊಡುತ್ತಾ, ತನ್ನ ಮಗಳ ಸೀಮಂತಕ್ಕೂ ನಾನೇ ಬಂದು ತನ್ನ ಬೀಗಿತ್ತಿಯ ಮೇಲೆ ಪದ ಹೇಳಬೇಕೆಂದಳು.

“ಅಜ್ಜಿ, ಅದು ನಿನ್ ಪದ ಅಲ್ವಲ್ಲ?” ಎಂದಳು ಕಾವ್ಯ.

“ಪದ ಅದ್ರದೇ ಕಣೆ. ಬೈಸ್ಕೊಂಡಿದ್ದು ನಾನು.”

ಕಟ್ಟುವುದು ದೊಡ್ಡದೋ, ಬೈಸಿಕೊಳ್ಳುವುದು ದೊಡ್ಡದೋ, ಓದಿದವರು ಹೇಳಬೇಕು. ಸೀಮಂತ ಈ ಭಾನುವಾರ. ಆ ಹೊಸ ಬೀಗಿತ್ತಿಯ ಬಗ್ಗೆ ಎಲ್ಲಿ ವಿಚಾರಿಸಿದರೂ ಒಳ್ಳೆಯವಳು, ಒಳ್ಳೆಯವಳು ಎನ್ನುತ್ತಾರೆ, ಹಾಳಾದವಳು. ನಿನ್ನೆ ಕಾವ್ಯ ಕಾಲೇಜಿನಿಂದ ಬಂದಾಗ ಚಕ್ಕುಲಿ ಕೊಟ್ಟು, ಬಾಗಿಲು ಮುಂದೆ ಮಾಡಿ, ಒಂದೇ ಒಂದು ನುಡಿ ಅದನ್ನು ಕೇಳಿ ನೋಡೆಂದೆ. ಕೇಳಿದ್ದು ನಾನು ಎಂದು ಮಾತ್ರ ಅದಕ್ಕೆ ಹೇಳಬೇಡವೆಂದೆ.